ಶಿಕ್ಕಾ ಬಿದ್ದ ಮೇಲೆ ಹಾಕಿದ ನೀರು

ಅರವತ್ತರ ದಶಕದ ಮೊದಲಲ್ಲಿ ನಾನು ದಾಂಡೇಲಿಯ ಒಂದು ಸಣ್ಣ ಮೋಟರು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸಕ್ಕಿದ್ದೆ. ತಯಾರಾದ ಮೋಟರಿಗೆ ಮೆಗ್ಗರು ಎಂಬ ತಪಾಸಣೆಯ ಯಂತ್ರದ ತಂತಿ ಹಚ್ಚಿ, ಅದರ ಹಿಡಿ ತಿರುಗಿಸಿ, ಒಳಗಿನ ಕರೆಂಟು ಹೊರಮೈಗೆ ಸೋರುವಂತಿದೆಯೋ ಎಂದು ಮುಳ್ಳು ನೋಡಿ ಹೇಳಬೇಕು. ಮುಳ್ಳು ಮೇಲೇರಿದರೆ ಸರಿ, ಆಗ ಮೋಟರಿನ ಮೇಲೆ ಕೆಂಪು ಶಿಕ್ಕಾ, ಅಂದರೆ ಮುದ್ರೆ, ಒತ್ತಬೇಕು. ತಪ್ಪು ನನ್ನ ಕಣ್ಣಿಗೆ ಬೇಗ ಬೀಳುತ್ತಿತ್ತು, ಸಿಟ್ಟು ಅದಕ್ಕಿಂತ ಬೇಗ ಬರುತ್ತಿತ್ತು. ಕೆಲಸಗಾರರು ಬೆನ್ನ ಹಿಂದೆ ನನ್ನನ್ನು ‘ಬ್ಯಾಡ ಸಾಹೇಬ್ರು’ ಅನ್ನುತ್ತಿದ್ದರು. ದಿನಕ್ಕೆ ನೂರು ಸಲ ನಾನು ‘ಇದು ಬ್ಯಾಡ’ ಎನ್ನುತ್ತಿದ್ದೆ.

ತಾಮ್ರದ ತಂತಿ ಸುತ್ತುವವರಲ್ಲಿ ಹಿರಿಯರೊಬ್ಬರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ತೇರಗಾಂವದ ಒಕ್ಕಲುತನದ ಮನೆಯವರು, ಹಣೆ ತುಂಬ ವಿಭೂತಿ. ವಯಸ್ಸಾಗಿ ಕಣ್ಣು ಮಂಜಾಗಿತ್ತು. ಎರಡು ಸಲ ಸುತ್ತು ತಪ್ಪಿದ ಮೇಲೆ ಮ್ಯಾನೇಜರು, ಇನ್ನೊಂದು ತಪ್ಪಾದರೆ ಮನೆಗೆ ಕಳಿಸುತ್ತೇನೆ ಎಂದು ಎಲ್ಲರೆದುರೇ ಹೇಳಿದ್ದರು. ಅವರ ದುಡಿಮೆಯಿಂದಲೇ ಮನೆ ನಡೆಯುತ್ತಿತ್ತು.

ಆ ವರ್ಷದ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ನಾನು ಶಿಕ್ಕಾ ಒತ್ತಿದ್ದ ಮೋಟರೊಂದನ್ನು ಮಣೆಯ ಮೇಲಿಟ್ಟು ಕಾಕಾ ಪೂಜೆ ಮಾಡಿದರು. ಮರುದಿನ ವಿಜಯದಶಮಿ, ಬನ್ನಿ ಹಬ್ಬದ ರಜೆ. ಅದರ ಮಾರನೇ ಬೆಳಿಗ್ಗೆ ಮುಂಡಗೋಡದ ಅಕ್ಕಿ ಗಿರಣಿಗೆ ಅದೇ ಮೋಟರು ಒಯ್ಯಲು ಲಾರಿ ಬಂದು ನಿಂತಿತ್ತು. ಕಾಕಾ ನನ್ನ ಕೈಗೆ ಬನ್ನಿ ಎಲೆ ಕೊಟ್ಟು, “ಬಂಗಾರದಂಗ ಇರೂಣ್ರಿ” ಅಂದರು. ಅಂದವರು ಅಲ್ಲೇ ನಿಂತರು.

“ಸಾಹೇಬ್ರ, ಪೂಜಿ ಮಾಡೂ ಮುಂದ ಆ ಮೋಟರಿಗೆ ಒಂದು ತಂಬಿಗಿ ನೀರ ಹಾಕೇನ್ರಿ. ನಮ್ಮ ಮನ್ಯಾಗ ನೇಗಿಲಾ ತೊಳದ ಪೂಜಿ ಮಾಡೂದು, ಅದ ರೂಢಿ. ಮ್ಯಾಲಷ್ಟ ಹಾಕೇನಿ ಅಂದ್ಕೊಂಡಿದ್ದೆ. ಒಳಗ ಇಳದೈತೇನೋ ಅಂತ ನಿನ್ನೆ ಹೋಳಿಗಿ ಗಂಟಲದಾಗ ಇಳೀಲಿಲ್ಲ.”

ನನಗೆ ಮೈ ಉರಿಯಿತು. ಇಷ್ಟು ವರ್ಷ ತಂತಿ ಸುತ್ತಿದವರು ಮೋಟರಿಗೆ ನೀರು ಹಾಕುವುದೆಂದರೇನು? ಬಾಯಿಗೆ ಬಂದದ್ದು ಅಂದುಬಿಟ್ಟೆ. ಲಾರಿಯಿಂದ ಮೋಟರು ಇಳಿಸಿ ಮೆಗ್ಗರು ಹಚ್ಚಿದರೆ ಮುಳ್ಳು ಸೊನ್ನೆಯ ಹತ್ತಿರವೇ ಕುಳಿತಿತ್ತು; ನೀರು ಒಳಗಿಳಿದಿತ್ತು.

ಮ್ಯಾನೇಜರು ಬಂದರು. “ಯಾರ ತಪ್ಪು ಇದು?”

ಸಿಟ್ಟು ಇಳಿದಿರಲಿಲ್ಲ, ಆದರೂ ಕಾಕಾನ ಹೆಸರು ಬಾಯಿಂದ ಹೊರಡಲಿಲ್ಲ. “ನಂದ್ರಿ. ಪೂಜಿ ಆದ ಮ್ಯಾಲೆ ಇನ್ನೊಮ್ಮೆ ನೋಡಬೇಕಿತ್ತು.”

“ಅವರದಲ್ರಿ. ನೀರ ಹಾಕಿದಾಂವ ನಾ,” ಅಂದರು ಕಾಕಾ.

ಮ್ಯಾನೇಜರು ಲಾರಿಯವನಿಗೆ ಹೋಗಲು ಕೈಸನ್ನೆ ಮಾಡಿದರು. “ಇಬ್ರೂ ಕೂಡಿ ಒಣಗಸ್ರಿ. ಲಾರಿ ನಾಡದ್ದ ಬರ್ಲಿ,” ಎಂದು ಒಳಗೆ ಹೋದರು. ಮನೆಗೆ ಕಳಿಸುವ ಮಾತು ಮತ್ತೆ ಎತ್ತಲಿಲ್ಲ. ಆ ಮನುಷ್ಯನಿಗೂ ನಾನು ಋಣಿ.

ಮೋಟರು ಬಿಚ್ಚಿ ಕಾಯಿಸುವ ಕೋಣೆಯಲ್ಲಿಟ್ಟು ಹೊರಗೆ ಕುಳಿತಾಗ ಕೇಳಿದೆ: “ಸುಮ್ಮನಿದ್ದಿದ್ರ ನಿಮ್ಮ ಮ್ಯಾಲೆ ಬರ್ತಿದ್ದಿಲ್ಲಲ್ಲ ಕಾಕಾ. ಕೆಲಸ ಹೋಗಿದ್ರ?”

“ಗಿರಣಿಯವರಿಗೆ ನಾ ಗೊತ್ತಿಲ್ಲ, ನೀವೂ ಗೊತ್ತಿಲ್ಲ. ಕೆಂಪು ಶಿಕ್ಕಾ ಒಂದ ನೋಡಿ ಬರಿಗಾಲಾಗ ನಿಂತು ಮೋಟರಿಗೆ ಕೈ ಹಚ್ಚತಾರ್ರಿ ಅವರು.”

ಅಷ್ಟು ದಿನ ಶಿಕ್ಕಾ ಒತ್ತಿದ್ದೆ, ಆ ಕೈಗಳ ನೆನಪು ಒಮ್ಮೆಯೂ ಬಂದಿರಲಿಲ್ಲ. ಬೆಳಿಗ್ಗೆ ಆಡಿದ ಮಾತಿಗೆ ನಾಚಿಕೆಯಾಯಿತು. ಹಾಗೆಂದು ಅವರಿಗೆ ಹೇಳಿದೆ ಕೂಡ. ಪುಸ್ತಕದಿಂದ ಕಲಿತ ವಿದ್ಯೆಗೆ ಅರ್ಥ ಕೊಟ್ಟವರು ಅವರು; ಇಂದಿಗೂ ನೆನೆದರೆ ಕೈ ಮುಗಿಯಬೇಕೆನಿಸುತ್ತದೆ.

ಮೂರನೇ ದಿನ ಮೋಟರು ಮತ್ತೆ ಜೋಡಿಸಿ ಮೆಗ್ಗರು ಹಚ್ಚಿದರೆ ಮುಳ್ಳು ಎಲ್ಲಿಗೇರಬೇಕೋ ಅಲ್ಲಿಗೇರಿತು. ಮೂರು ಸಲ ನೋಡಿದೆ. ಶಿಕ್ಕಾ ಎತ್ತಿಕೊಂಡವನು ಒತ್ತದೆ ಕೆಳಗಿಟ್ಟೆ. ಗಿರಣಿಯವರಂತೆ ಚಪ್ಪಲಿ ಬಿಟ್ಟು ನೆಲದ ಮೇಲೆ ನಿಂತು, ಮೋಟರಿನ ಮೈಮೇಲೆ ಬರಿಗೈ ಇಟ್ಟು, ಸ್ವಿಚ್ಚು ಹಾಕಲು ಕಾಕಾಗೆ ಹೇಳಿದೆ.