ಅರಿಶಿನ ಹಚ್ಚಿದ ಗಾಜು

ನಮ್ಮ ಲೈಡಾರ್ ಒಂದು ಟ್ರಕ್ಕಿನೊಳಗಿರುತ್ತದೆ. ಟ್ರಕ್ಕಿನ ಚಾವಣಿಯಲ್ಲಿ ಊಟದ ತಟ್ಟೆಯಷ್ಟು ಅಗಲದ ಗಾಜು. ಅದರ ಮೂಲಕ ಕಣ್ಣಿಗೆ ಕಾಣದ ಲೇಸರ್ ಬೆಳಕನ್ನು ಮೇಲಕ್ಕೆ ಬಿಡುತ್ತೇವೆ. ಧೂಳಿಗೆ, ಹೊಗೆಗೆ ತಾಗಿ ಹಿಂದಿರುಗುವ ಬೆಳಕನ್ನು ಅಳೆದು, ಯಾವ ಎತ್ತರದಲ್ಲಿ ಎಷ್ಟು ಹೊಗೆ, ಎಷ್ಟು ಓಝೋನ್ ಎಂದು ಲೆಕ್ಕ ಹಾಕುತ್ತೇವೆ. ಬಹಳ ವರ್ಷಗಳಿಂದ ನನ್ನ ಕೆಲಸ ಇದೇ. ಇದರಲ್ಲಿ ರೋಮಾಂಚನ ಹುಡುಕಿಕೊಂಡು ಬಂದವರಿಗೆ ಬೇರೆ ಕೆಲಸ ನೋಡಿಕೊಳ್ಳಿ ಎನ್ನುತ್ತೇನೆ.

ಆ ವರ್ಷ ಅಕ್ಟೋಬರ್ ಬಂದರೂ ಕಾಡ್ಗಿಚ್ಚಿನ ಹೊಗೆ ಹೋಗಿರಲಿಲ್ಲ. ನನ್ನ ವಿದ್ಯಾರ್ಥಿನಿ, ಗದಗಿನ ಕಡೆಯ ಹುಡುಗಿ, ಅಂಥ ಹೊಗೆಗೇ ಕಾಯುತ್ತಿದ್ದಳು. ಪಿಎಚ್‌ಡಿ ಮುಗಿದ ಮೇಲೆ ಟ್ರಕ್ಕಿನ ಹೊಣೆ ಅವಳಿಗೇ ಎಂದು ಮಾತಾಗಿತ್ತು. ಬೆಳಿಗ್ಗೆ ಅಳತೆಗೆಂದು ಪಕ್ಕದ ಊರು ವುಡಿನ್‌ವಿಲ್‌ಗೆ ಹೋಗಬೇಕಿದ್ದರಿಂದ ಹಿಂದಿನ ದಿನವೇ ಟ್ರಕ್ಕನ್ನು ಸಮಾಮಿಶ್‌ನ ನಮ್ಮ ಮನೆಯ ಮುಂದೆ ನಿಲ್ಲಿಸಿದ್ದೆವು. ಅವಳು ಗಾಜು ಒರೆಸಿ ಹೋದಳು. ಹೊರಡುವ ಮುಂಚೆ ಅದನ್ನು ಇನ್ನೊಮ್ಮೆ ನೋಡುವುದು ನನ್ನ ಪಾಲಿನ ಕೆಲಸ.

ಅಂದು ಆಯುಧಪೂಜೆ. ನಮ್ಮ ಯಜಮಾನರು ಮನೆಯ ಎರಡೂ ಕಾರುಗಳಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು, ಬಟ್ಟಲು ಹಿಡಿದು ಟ್ರಕ್ಕಿನ ಮುಂದೆ ಬಂದು ನಿಂತರು.

"ಇದಕ್ಕೆಲ್ಲಿ ಹಚ್ಲಿ?"

"ಬಾನೆಟ್‌ಗೆ ಹಚ್ಚಿದ್ರೆ ಏನ್ ಬಂತು? ನಿಜವಾದ ಆಯುಧ ಮೇಲಿರೋ ಗಾಜು. ಹತ್ತಿ ಅದಕ್ಕೇ ಹಚ್ಚಿ" ಎಂದು ಗೇಲಿ ಮಾಡಿ ನಾನು ಒಳಗೆ ಹೋದೆ. ಪಾಪ, ಅವರು ಹತ್ತಿಯೇಬಿಟ್ಟರು ಎಂದು ನನಗೆ ಗೊತ್ತಾಗಲಿಲ್ಲ.

ಬೆಳಿಗ್ಗೆ ತಡವಾಗಿತ್ತು. ಗಾಜು ನೋಡದೆ ಹೊರಟೆ.

ವುಡಿನ್‌ವಿಲ್‌ನಲ್ಲಿ ಹೊಗೆ ಮೂಗಿಗೆ ಹೊಡೆಯುತ್ತಿತ್ತು. ಪರದೆಯ ಮೇಲೆ ಮಾತ್ರ ಹಿಂದಿರುಗುವ ಬೆಳಕು ಸೊರಗಿತ್ತು. ಒಂದು ಕಿಲೋಮೀಟರ್ ದಾಟಿದರೆ ಬರೀ ಕಲಸುಮೇಲೋಗರ. ಬೆಳಕನ್ನು ಮೇಲಕ್ಕೆ ತಿರುಗಿಸುವ ಕನ್ನಡಿ ಕೂದಲೆಳೆಯಷ್ಟು ಅಲುಗಿದರೂ ಹೀಗಾಗುತ್ತದೆ. ನನಗೆ ಪಿತ್ತ ನೆತ್ತಿಗೇರಿತು.

"ಒಳಗಿನ ಕನ್ನಡಿ ಅಲುಗಿಸಿದೀಯ ನೀನು."

"ಇಲ್ರೀ ಮೇಡಂ, ನಾ ಮುಟ್ಟೇ ಇಲ್ರೀ."

"ಮುಟ್ಟದೆ ಅದೇನು ತಾನಾಗೇ ಅಲುಗುತ್ತಾ? ಸುಮ್ನೆ ಕೂತ್ಕೋ."

ನಮ್ಮಲ್ಲಿ ಪ್ರತಿಯೊಂದು ದೋಷವನ್ನೂ ಕಾರಣ ಮತ್ತು ಹೆಸರಿನ ಸಮೇತ ದಿನಚರಿ ಪುಸ್ತಕದಲ್ಲಿ ಪೆನ್ನಿನಿಂದಲೇ ಬರೆಯಬೇಕು. ಅಳಿಸುವಂತಿಲ್ಲ. ತಪ್ಪು ಬರೆದಿದ್ದರೆ ಅದರ ಮೇಲೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಕೆಳಗೆ ಬರೆದು, ಸಹಿ ಮತ್ತು ತಿದ್ದಿದ ದಿನದ ತಾರೀಕು ಹಾಕಬೇಕು. ಕನ್ನಡಿ ಅಲುಗಿದೆ ಎಂದು ಬರೆದು ಎದುರಿಗೆ ಅವಳ ಹೆಸರು ಹಾಕಿದೆ. ಆಮೇಲೆ ಸರಿಯಾಗಿಯೇ ಇದ್ದ ಕನ್ನಡಿಯನ್ನು ಮಧ್ಯಾಹ್ನದವರೆಗೆ ತಿರುಗಿಸಿ ತಿರುಗಿಸಿ ನಾನೇ ಕೆಡಿಸಿದೆ.

ನಾಲ್ಕು ಗಂಟೆಗೆ ಅವಳು ಲೇಸರ್ ಆರಿಸಿ, ನನ್ನನ್ನು ಕೇಳದೆ ಏಣಿ ಹತ್ತಿದಳು. ಇಳಿದು ಬಂದು ಹಳದಿ ಬೆರಳನ್ನು ನನ್ನ ಮುಂದೆ ಹಿಡಿದಳು.

"ಅರಿಶಿಣ ಹಚ್ಯಾರ್ರೀ ಮೇಡಂ. ನಡುವ ಕುಂಕುಮಾನೂ ಐತಿ."

ಅಯ್ಯೋ ದೇವರೇ ಎಂದೆನೇ ಹೊರತು ತಪ್ಪಾಯಿತು ಎನ್ನಲಿಲ್ಲ. ಅವಳು ಗಾಜು ಒರೆಸಿ, ನಾನು ಕೆಡಿಸಿದ್ದ ಕನ್ನಡಿಯನ್ನೂ ಸರಿಪಡಿಸಿದಳು. ಪುಸ್ತಕವನ್ನು ನಾಳೆ ತಿದ್ದಿದರಾಯಿತು ಎಂದುಕೊಂಡೆ. ಮರುದಿನ ಮಳೆ ಬಂದು ಹೊಗೆಯೆಲ್ಲ ತೊಳೆದುಹೋಯಿತು. ಅವಳಿಗೆ ಸಿಕ್ಕಿದ್ದು ಆ ಸಂಜೆಯ ಎರಡು ಗಂಟೆಯ ಅಳತೆ ಅಷ್ಟೇ. ನಾನು ಪುಸ್ತಕ ಮುಟ್ಟಲಿಲ್ಲ. ಯಜಮಾನರನ್ನು ಮಾತ್ರ ಎರಡು ದಿನ ಚೆನ್ನಾಗಿ ಬೈದೆ.

ಎರಡು ವರ್ಷ ಕಳೆದು ಅವಳ ಪ್ರಬಂಧದ ಪರೀಕ್ಷೆ ಬಂತು. ಪರೀಕ್ಷಕರಲ್ಲಿ ಹಿರಿಯರೊಬ್ಬರು ದಿನಚರಿ ಪುಸ್ತಕದಲ್ಲಿ ಆ ದಿನದ ಪುಟ ತೆರೆದು, ಕನ್ನಡಿ ಅಲುಗಿಸಿ ಇಡೀ ದಿನ ಹಾಳು ಮಾಡಿದವರ ಕೈಗೆ ಟ್ರಕ್ ಹೇಗೆ ಕೊಡುವುದು ಎಂದು ಕೇಳಿದರು. ಅವಳು ನನ್ನತ್ತ ನೋಡಲಿಲ್ಲ. ಮೇಲಿನ ಗಾಜು ಕೊಳೆಯಾಗಿತ್ತು, ಏಣಿ ಹತ್ತಿ ನೋಡಲು ನಾಲ್ಕು ಗಂಟೆಯವರೆಗೆ ಕಾದದ್ದು ತನ್ನ ತಪ್ಪು ಎಂದಳು.

ಅವಳು ಕಾದದ್ದು ನನಗೆ ಹೆದರಿ. ನನಗೆ ನಾಚಿಕೆಯಾಯಿತು. ಎದ್ದುಹೋಗಿ ಪುಸ್ತಕವನ್ನು ನನ್ನ ಕಡೆಗೆಳೆದುಕೊಂಡು, ಆ ಸಾಲಿನ ಮೇಲೆ ಗೆರೆ ಎಳೆದೆ. ಗಾಜಿಗೆ ಅರಿಶಿನ, ನೋಡದೆ ಹೊರಟದ್ದು ನಾನು ಎಂದು ಬರೆದು ಹೆಸರು ಹಾಕಿದೆ. ಟ್ರಕ್ ಈಗ ಅವಳದು, ಆ ಪುಸ್ತಕವೂ ಅದರಲ್ಲೇ ಇದೆ. ಗೆರೆಯ ಕೆಳಗೆ ಅವಳ ಹೆಸರು ಇನ್ನೂ ಕಾಣುತ್ತದೆ. ನನ್ನ ಸಹಿಯ ಪಕ್ಕದಲ್ಲಿ ಎರಡು ವರ್ಷ ತಡವಾದ ತಾರೀಕು.