ಅವಳ ಹೆಸರು ಪಡೆಯದ ಶಿಲೀಂಧ್ರ

ದಾವಣಗೆರೆಯ ವಿದ್ಯಾನಗರದ ಕಾಲೇಜೊಂದರಲ್ಲಿ ನಾನೂ ನನ್ನ ಗೆಳತಿಯೂ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದೆವು. ಅವಳು ಹರಿಹರದವಳು, ದಿನಾ ಬಸ್ಸಿನಲ್ಲಿ ಬಂದುಹೋಗುವವಳು. ಒಂದು ಮಳೆಗಾಲ, ಎಲೆಯ ನರ ಕಚ್ಚಿಕೊಂಡೇ ಸತ್ತಿದ್ದ ಗೊದ್ದವೊಂದನ್ನು ತನ್ನೂರಿನ ಹೊಳೆದಂಡೆಯ ಪೊದೆಯಿಂದ ಡಬ್ಬಿಯಲ್ಲಿ ಹಾಕಿಕೊಂಡು ಬಂದಳು. ಆ ಕರಿ ಇರುವೆಯ ಕತ್ತಿನಿಂದ ಕೂದಲಿನಷ್ಟು ಸಣ್ಣ ಕಡ್ಡಿಯೊಂದು ಎದ್ದಿತ್ತು. ಇರುವೆಯ ಮೈಯೊಳಗೆ ಬೆಳೆದು, ಅದನ್ನು ಗಿಡ ಹತ್ತಿಸಿ, ಎಲೆ ಕಚ್ಚಿಸಿ ಕೊಲ್ಲುವ ಶಿಲೀಂಧ್ರ ಅದು. ಪುಸ್ತಕದಲ್ಲಷ್ಟೇ ನೋಡಿದ್ದೆವು. ಆಮೇಲೆ ನಮ್ಮ ಭಾನುವಾರಗಳೆಲ್ಲ ಆ ದಂಡೆಯಲ್ಲೇ ಕಳೆದವು, ಅವಳ ತಾಯಿ ಕಟ್ಟಿಕೊಟ್ಟ ಬುತ್ತಿ ಉಂಡು, ಎಲೆಗಳನ್ನು ಮಗುಚಿ ನೋಡುತ್ತಾ.

ಸಿಕ್ಕಿದ್ದೆಲ್ಲ ಒಂದೇ ಜಾತಿ ಎಂದುಕೊಂಡಿದ್ದೆ. ಕಣ್ಣಿಗೆ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಅವಳು ಮಾತ್ರ ಶಿಲೀಂಧ್ರ ಬಿಟ್ಟು ಇರುವೆಗಳನ್ನು ನೋಡಿದಳು. ಕೆಲವಕ್ಕೆ ಹೊಟ್ಟೆಯ ಮೇಲೆ ಹೊಂಬಣ್ಣದ ರೋಮ, ಕೆಲವು ಬರೀ ಕಪ್ಪು. ಎರಡರಿಂದಲೂ ಬೀಜಕಣ ತೆಗೆದು ಗಾಜಿನ ಮೇಲೆ ಮೊಳೆಯಲು ಬಿಟ್ಟಳು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದರ ಕಣಕ್ಕೆ ಒಂದೇ ಎಳೆ, ಇನ್ನೊಂದರ ಕಣಕ್ಕೆ ಹಲವು. ಇಷ್ಟು ಸಾಲದು, ಡಿಎನ್‌ಎ ನೋಡಬೇಕು ಎಂದೆ. ಮಾದರಿಗಳನ್ನು ಹೊರಗಿನ ಲ್ಯಾಬಿಗೆ ಕಳಿಸಿದೆವು.

ಫಲಿತಾಂಶಕ್ಕೆ ಕಾಯುತ್ತಿದ್ದಾಗಲೇ ಅವಳಿಗೆ ಜ್ವರ ಬಂತು. ಡೆಂಗಿ ಎಂದರು. ದಾವಣಗೆರೆಯಲ್ಲೇ ಆಸ್ಪತ್ರೆಗೆ ಸೇರಿಸಿದರು. ನಾನು ಕ್ಲಾಸು ಮುಗಿಸಿ ನೇರ ಅಲ್ಲಿಗೇ ಹೋಗುತ್ತಿದ್ದೆ. ಅವಳ ತುಟಿ ಒಣಗಿತ್ತು, ಮಾತು ಮಾತ್ರ ಅದೇ.

"ಎರಡೂ ಬ್ಯಾರೆ ಬ್ಯಾರೆ ಅದಾವೆ. ನೀನೇ ನೋಡ್ತೀಯ," ಅಂದಳು.

ನಾಳೆ ಬರುತ್ತೇನೆ ಎಂದು ಹೇಳಿ ಸರಸ್ವತಿ ನಗರದ ಮನೆಗೆ ಬಂದೆ. ಬೆಳಿಗ್ಗೆ ಅವಳ ತಮ್ಮನ ಫೋನು ಬಂತು. ಅಕ್ಕ ಹೋಗಿಬಿಟ್ಟಳು ಎಂದ.

ಲ್ಯಾಬಿನ ಮೇಲ್ ಬಂದಾಗ ನಾನು ಸ್ಟಾಫ್ ರೂಮಿನಲ್ಲಿದ್ದೆ. ಎರಡು ಜಾತಿ, ಅನುಮಾನವೇ ಇಲ್ಲ. ಅದರಲ್ಲೊಂದಕ್ಕೆ ಈವರೆಗೆ ಯಾರೂ ಹೆಸರಿಟ್ಟಿಲ್ಲ. ಹೇಳಲೆಂದು ಪಕ್ಕದ ಕುರ್ಚಿಯ ಕಡೆ ತಿರುಗಿದೆ. ಹೊಸದಾಗಿ ಸೇರಿದ ಮೇಷ್ಟ್ರು ಅಲ್ಲಿ ಕೂತು ಪೇಪರ್ ತಿದ್ದುತ್ತಿದ್ದರು. ಎದ್ದು ಹೋಗಿ, ಕಾಲೇಜಿನ ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತೆ.

ಹೊಸ ಜಾತಿಗೆ ಅವಳ ಹೆಸರನ್ನೇ ಇಡಬೇಕೆಂದು ಹರಿಹರಕ್ಕೆ ಹೋಗಿ ತಾಯಿಗೆ ತಿಳಿಸಿದೆ. ಆ ಹೆಸರು ಎಂದಿಗೂ ಅಳಿಯುವುದಿಲ್ಲ ಎಂದೆ. ಅದು ಏನು ಮಾಡುತ್ತದೆ ಎಂದು ಅವರು ಕೇಳಿದರು; ಇದ್ದದ್ದು ಇದ್ದ ಹಾಗೆ ಹೇಳಿದೆ.

"ಬ್ಯಾಡವ್ವ. ಜೀವ ತೆಗಿಯೋದಕ್ಕೆ ನನ್ನ ಮಗಳ ಹೆಸರಿಡಬ್ಯಾಡ. ಸಣ್ಣೋಳಿದ್ದಾಗ ಇರುವೆ ಗೂಡಿಗೆ ಸಕ್ರೆ ಹಾಕ್ತಿದ್ಲು."

ಅದು ದೊಡ್ಡ ಗೌರವ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

ಕೊನೆಗೆ ಅದಕ್ಕೆ ಆ ಹೊಳೆಯ ಹೆಸರಿಟ್ಟೆ. ಪ್ರಬಂಧದಲ್ಲಿ ಅವಳ ಹೆಸರು ಮೊದಲು, ನನ್ನದು ಆಮೇಲೆ. ಅವಳ ಹೆಸರಿನ ಪಕ್ಕದಲ್ಲಿ, ತೀರಿಕೊಂಡವರಿಗೆ ಹಾಕುವ ಸಣ್ಣ ಗುರುತೊಂದಿದೆ. ಪ್ರತಿಯನ್ನು ಒಯ್ದು ಕೊಟ್ಟಾಗ ತಾಯಿ ಆ ಗುರುತಿನ ಮೇಲೆ ಬೆರಳಿಟ್ಟು, ಇದೇನವ್ವ ಎಂದು ಕೇಳಿದರು.