ರಸ್ತೆ ಬೆಳೆಯುತ್ತದೆ, ಮನೆ ಬೆಳೆಯುವುದಿಲ್ಲ

ಮೊನ್ನೆ ಪಾಠ ಮುಗಿಸಿ ಶಾಲೆಯಿಂದ ಬರುವಾಗ ದಾರಿಯಲ್ಲಿ ಯಾರದೋ ಹೊಸ ಮನೆಯ ಬುನಾದಿಯೊಳಗೆ ಗರಸು ತುಂಬಿ ನೀರು ಬಿಡುತ್ತಿದ್ದರು. ಗರಸೆಂದರೆ ಗುಡ್ಡದ ಬುಡದಿಂದ ತರುವ ಕೆಂಪು ಹರಳುಮಣ್ಣು. ನಮ್ಮ ಕೊಪ್ಪಳದ ಸುತ್ತ ಅದಿಲ್ಲದೆ ಮನೆಯ ನೆಲ ಮೇಲೇಳುವುದಿಲ್ಲ. ಬಿಸಿಲಿಗೆ ಕಾದ ಗರಸಿನ ಮೇಲೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಮೊದಲ ಮಳೆಯ ವಾಸನೆಯಂತೆ ಎಂದು ಬರೆದುಬಿಡಬಹುದು, ಆದರೆ ಅದು ಸುಳ್ಳಾಗುತ್ತದೆ. ಅದರಲ್ಲಿ ಒಂದಿಷ್ಟು ತುಕ್ಕು, ಒಂದಿಷ್ಟು ಟ್ರ್ಯಾಕ್ಟರಿನ ಡೀಸೆಲ್ ಸೇರಿರುತ್ತದೆ. ನಾನು ನಿಂತೆ. ನಿಂತು, ಆ ಬುನಾದಿ ರಸ್ತೆಗಿಂತ ಎಷ್ಟು ಮೇಲಿದೆ ಎಂದು ಕಣ್ಣಳತೆಯಲ್ಲಿ ನೋಡತೊಡಗಿದೆ. ಆ ಮನೆಯ ಯಜಮಾನ ನನ್ನನ್ನು ಜಾಗ ಹುಡುಕಿಕೊಂಡು ಬಂದವಳೆಂದು ತಿಳಿದು, “ಇದು ಮಾರಾಕಲ್ರಿ” ಎಂದ.

ಹೊಸ ಮನೆಗೆ ಹೋದರೆ ಕೆಲವರು ಅಡುಗೆಮನೆ ನೋಡುತ್ತಾರೆ, ಕೆಲವರು ದೇವರಮನೆ. ಗಂಡಸರು ಮಾಳಿಗೆಗೆ ಹತ್ತಿ ನೀರಿನ ಟಾಕಿಯನ್ನು ಬಡಿದು ನೋಡುತ್ತಾರೆ. ನಾನು ಹೊಸ್ತಿಲ ಬಳಿಯೇ ನಿಂತು ಬೀದಿಯ ಕಡೆ ತಿರುಗಿಬಿಡುತ್ತೇನೆ. ಗೃಹಪ್ರವೇಶಕ್ಕೆ ಕರೆದವರು ಒಳಗೆ ಕೈಮುಗಿದು ನಿಂತಿರುತ್ತಾರೆ, ಬಂದ ನಾನು ಅವರಿಗೆ ಬೆನ್ನು ತೋರಿಸಿಕೊಂಡು ಅಂಗಳದ ಇಳಿಜಾರು ಪರೀಕ್ಷಿಸುತ್ತಿರುತ್ತೇನೆ. ಇದು ಮರ್ಯಾದೆಯಲ್ಲ ಎಂದು ನನಗೂ ಗೊತ್ತು. ಈ ಚಟ ಹತ್ತಿದ್ದು ನಮ್ಮ ನೀಲಕ್ಕನಿಂದ.

ನೀಲಕ್ಕ ನನ್ನ ಹಿರಿಯಕ್ಕ. ನಾನಿನ್ನೂ ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗಲೇ ಯಲಬುರ್ಗಾ ಕಡೆಯ ನಮ್ಮ ಊರಿನಿಂದ ಅವಳನ್ನು ಕಾರಟಗಿಗೆ ಕೊಟ್ಟರು. ಅವಳ ಗಂಡನಿಗೆ, ಅಂದರೆ ನಮ್ಮ ಮಾವನಿಗೆ, ಅಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸ. ಜೋಳದ ಒಣ ಊರಿನಿಂದ ಹೋದ ನಮಗೆ ಕಾರಟಗಿಯೆಂದರೆ ನೀರಿನ ಊರು. ಕಾಲುವೆ, ಭತ್ತದ ಗದ್ದೆ, ಹೊಟ್ಟಿನ ಹೊಗೆ. ಅಕ್ಕನ ಮನೆಗೆ ಆಗ ಬೀದಿಯಿಂದ ಮೆಟ್ಟಿಲು ಹತ್ತಿ ಹೋಗಬೇಕಾಗಿತ್ತು. ಮುಂದೆ ಕಟ್ಟೆಯಿತ್ತು. ಅದರ ಮೇಲೆ ಕೂತು ಅವಳು ಭತ್ತದ ಗಾಡಿಗಳನ್ನು ಮೇಲಿನಿಂದ ನೋಡುತ್ತಿದ್ದಳು. “ನಮ್ಮಕ್ಕ ರಾಣಿ ಆಗ್ಯಾಳ” ಎಂದು ನಾನು ಊರಿಗೆ ಬಂದು ಹೇಳಿದ್ದೆ.

ಆಮೇಲೆ ರಸ್ತೆ ಬೆಳೆಯತೊಡಗಿತು. ನಮ್ಮ ಕಡೆ ಹಳೆಯ ರಸ್ತೆಯನ್ನು ಕೆರೆದು ತೆಗೆದು ಹೊಸದು ಮಾಡುವ ರೂಢಿಯಿಲ್ಲ. ಹಳೆಯದರ ಮೇಲೆ ಜಲ್ಲಿಕಡಿ, ಕಡಿಯ ಮೇಲೆ ಡಾಂಬರು, ಮುಂದೊಂದು ದಿನ ಅದರ ಮೇಲೆ ಕಾಂಕ್ರೀಟು. ಹಾಕುವಾಗಲೆಲ್ಲ ಬೀದಿಯವರು ಸಂತೋಷಪಡುತ್ತಾರೆ; ನೀಲಕ್ಕನೂ ಪಟ್ಟಿದ್ದಳು, ಕೆಲಸದವರಿಗೆ ಚಹಾ ಕೊಟ್ಟಿದ್ದಳು. ಮೊದಲು ಕೆಳಗಿನ ಮೆಟ್ಟಿಲು ಮುಚ್ಚಿಹೋಯಿತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮುಂದೆ ಉಳಿದ ಮೆಟ್ಟಿಲುಗಳೂ ಹೋದವು. ಕಟ್ಟೆ ಬೀದಿಗೆ ಸಮವಾಯಿತು. ನನ್ನ ಮದುವೆಯ ಕರೆಯೋಲೆ ಕೊಡಲು ಹೋದಾಗ ನಾನು ಅವಳ ಮನೆಯೊಳಗೆ ಇಳಿದು ಹೋದೆ. ಹತ್ತುತ್ತಿದ್ದ ಮನೆಗೆ ಇಳಿಯುತ್ತಿದ್ದೇನೆಂಬುದು ಆಗ ನನಗೆ ಹೊಳೆಯಲೂ ಇಲ್ಲ.

ಹೊಳೆದದ್ದು ಅವಳ ಮಗಳ ಕುಬಸದ ದಿನ. ಬಸುರಿಯನ್ನು ಹಸಿರು ಸೀರೆಯಲ್ಲಿ ಕೂರಿಸಿ ಉಡಿ ತುಂಬಿಯಾಗಿತ್ತು. ಪಡಸಾಲೆಯ ತುಂಬ ಬೀಗರು, ಎಲೆ ಹಾಕಿತ್ತು. ಮಳೆ ಬಂತು. ದೊಡ್ಡ ಮಳೆಯೇನಲ್ಲ, ಆದರೆ ಬೀದಿಯ ನೀರಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಹೊಸ್ತಿಲು ದಾಟಿ, ಭತ್ತದ ಹೊಟ್ಟು ತೇಲಿಸಿಕೊಂಡು ನಿಧಾನವಾಗಿ ಒಳಗೆ ಬಂತು, ಕರೆಯದ ನೆಂಟನ ಹಾಗೆ. ಎಲೆಗಳು ಕೂತ ಜಾಗದಿಂದ ಅಲುಗಿದವು. ನೀಲಕ್ಕ ಹುಗ್ಗಿಯ ಬೋಗುಣಿ ಹಿಡಿದು ನಿಂತವಳು ಒಂದು ಕ್ಷಣ ನೋಡಿದಳು. ನಂತರ ಬಹಳ ಸಮಾಧಾನದಿಂದ, “ಎಲ್ಲಾರೂ ಮಂಚದ ಮ್ಯಾಲ ಕಾಲು ತಗೊಂಡು ಕುಂದರ್ರಿ. ತಾಟಿನಾಗ ಬಡಸತೀನಿ” ಎಂದಳು. ಬೀಗರು ಮಂಚ, ಟ್ರಂಕು, ಕಿಟಕಿಯ ಕಟ್ಟೆಗಳ ಮೇಲೆ ಕೂತು ಊಟ ಮಾಡಿದರು. ಮಾವ ನಗಿಸಲು ಹೋಗಿ, “ನಮ್ಮನಿಗೆ ಕಾಲುವಿ ಬಂದೈತ್ರಿ” ಎಂದರು. ಯಾರೂ ನಗಲಿಲ್ಲ. ಎಲ್ಲ ಮುಗಿದ ಮೇಲೆ ಅಕ್ಕ ಸೀರೆ ಎತ್ತಿ ಕಟ್ಟಿ ನೀರು ಗೋರುತ್ತ ನನಗೆ ಇಷ್ಟೇ ಹೇಳಿದಳು: “ನೀ ಮನಿ ಕಟ್ಟಾಗ ನನ್ನ ಕರಿ.”

ಕೆಲವು ವರ್ಷಗಳ ನಂತರ ಕೊಪ್ಪಳದ ಅಂಚಿನಲ್ಲಿ ನಾವು ಮನೆ ಕಟ್ಟತೊಡಗಿದೆವು. ನನ್ನ ತಲೆಯಲ್ಲಿದ್ದುದು ಅಡುಗೆಮನೆಯ ಕಿಟಕಿ ಮತ್ತು ಮಲ್ಲಿಗೆ ಬಳ್ಳಿ. ನಮ್ಮ ಮನೆಯವರ ತಲೆಯಲ್ಲಿ ಕಾರು ನಿಲ್ಲಿಸುವ ಜಾಗ. ಬುನಾದಿ ಮುಗಿದು ನೆಲಕ್ಕೆ ಕಾಂಕ್ರೀಟು ಹಾಕುವ ಹೊತ್ತಿಗೆ, ಗಂಗಾವತಿಯಲ್ಲಿ ಬಸ್ಸು ಬದಲಿಸಿ ನೀಲಕ್ಕ ಬಂದಳು. ಬಂದವಳು ನೀರೂ ಕುಡಿಯದೆ ರಸ್ತೆಯ ನಡುವೆ ನಿಂತು ಬುನಾದಿಯನ್ನು ನೋಡಿದಳು.

“ಇಷ್ಟ ಏನು?”

“ಎಂಜಿನಿಯರು ಸಾಕು ಅಂದಾರ,” ಎಂದರು ನಮ್ಮ ಮನೆಯವರು.

“ಈಗಿನ ರಸ್ತಿಗೆ ಸಾಕರಿ. ಮುಂದಿನ ರಸ್ತಿಗೆ?”

ಗಾರೆ ಕೆಲಸದ ಗೌಂಡಿ ಹನುಮಂತಪ್ಪ ಯಾರು ಏನು ಹೇಳಿದರೂ ತಲೆಯಾಡಿಸುವ ಮನುಷ್ಯ. ಎಂಜಿನಿಯರಿಗೂ ಹೌದೆಂದಿದ್ದ, ಅಕ್ಕನಿಗೂ ಹೌದೆಂದ. ಬುನಾದಿಯ ಮೇಲೆ ಇನ್ನೊಂದು ವರಸೆ ಕಲ್ಲು ಏರಿತು. ಅದು ಸಾಲದೆಂದು ಅಂಗಳಕ್ಕೂ ಗರಸು ತರಿಸಿ ಎತ್ತರಕ್ಕೆ ತುಂಬಿಸಿದಳು. ಮನೆಯ ಗೋಡೆಯಿಂದ ನೀರು ದೂರ ಓಡಬೇಕು ಎಂಬುದು ಅವಳ ಹಟ. ನೀರು ದೂರ ಓಡುವುದಾದರೆ ಎಲ್ಲಿಗೆ ಓಡುತ್ತದೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಕೇಳಿದವಳು ರೇಣವ್ವ.

ರೇಣವ್ವ ನಮ್ಮ ಪೂರ್ವದ ನೆರೆಯವಳು. ಆ ಬಡಾವಣೆಗೆ ಎಲ್ಲರಿಗಿಂತ ಮೊದಲು ಬಂದು, ತಗ್ಗಿನಲ್ಲಿ ಸಣ್ಣ ಮನೆ ಕಟ್ಟಿ, ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ಹಾಕಿದ್ದಳು. ಗಂಡ ಲಾರಿಯ ಮೇಲೆ ಹೋಗುತ್ತಿದ್ದ, ಗಿರಣಿ ಅವಳದೇ. ತಲೆಗೂದಲು, ಹುಬ್ಬು, ಸೆರಗು ಎಲ್ಲಕ್ಕೂ ಜೋಳದ ಹಿಟ್ಟು ಹತ್ತಿಕೊಂಡು, ಸಂಜೆಯ ಹೊತ್ತಿಗೆ ಅವಳು ತಾನೇ ತನ್ನ ಹಿರಿಯಕ್ಕನಂತೆ ಕಾಣುತ್ತಿದ್ದಳು. ಒಂದು ಬೆಳಿಗ್ಗೆ ನಮ್ಮ ಗರಸಿನ ರಾಶಿಯ ಕೆಳಗೆ ಬಂದು ನಿಂತು ಕೇಳಿದಳು:

“ಟೀಚರ್ರ, ನಿಮ್ಮ ನೀರು ಎಲ್ಲಿಗೆ ಹೋಗ್ತೈತ್ರಿ?”

ನಾನು “ನೋಡೂಣ್ರಿ” ಎಂದೆ. ಉತ್ತರವಿಲ್ಲದಾಗ ನಾವು ಹೇಳುವ ಮಾತು ಅದೇ. ನೀಲಕ್ಕ ಮೇಲಿನಿಂದಲೇ, “ಎಲ್ಲಾರೂ ತಮ್ಮ ತಮ್ಮ ಮನಿ ಎತ್ತರಕ್ಕ ಕಟಗೋತಾರವಾ. ಅದಕ್ಕ ಯಾರು ಏನು ಮಾಡಾಕ ಬರತೈತಿ?” ಎಂದಳು. ರೇಣವ್ವ ಜಗಳಕ್ಕೆ ನಿಲ್ಲಲಿಲ್ಲ. ಗಿರಣಿಗೆ ಯಾರೋ ಬಂದು ಕೂಗಿದರು, ಹೊರಟುಹೋದಳು.

ಆ ವಾರವೇ ಮಳೆಯಾಯಿತು. ನಾನು, ನೀಲಕ್ಕ ಇಬ್ಬರೂ ಸಿಮೆಂಟು ಚೀಲ ಮುಚ್ಚಿದ ತಾಡಪತ್ರಿಯ ಕೆಳಗೆ ಸೇರಿಕೊಂಡೆವು. ನಮ್ಮ ಅಂಗಳದ ಗರಸಿನ ಮೇಲೆ ಬಿದ್ದ ನೀರು ಕೆಂಪಗಾಗಿ, ಕೂಡಿಕೊಂಡು, ಪೂರ್ವಕ್ಕೆ ಹರಿಯತೊಡಗಿತು. ನಾವು ಬಯಸಿದಂತೆಯೇ ಬುನಾದಿಯಿಂದ ದೂರ ಓಡಿತು. ನೇರವಾಗಿ ಗಿರಣಿಯ ಬಾಗಿಲಿಗೆ ಓಡಿತು.

ನೀಲಕ್ಕ ನೋಡುತ್ತ ನಿಂತಿದ್ದಳು. ನಾನು ಏನಾದರೂ ಹೇಳುವ ಮೊದಲೇ ಮಳೆಯಲ್ಲಿ ಇಳಿದು ನಡೆದಳು. ನಾನೂ ಹಿಂದೆ ಹೋದೆ. ಒಳಗೆ ರೇಣವ್ವ ಜನರ ಹಿಟ್ಟಿನ ಡಬ್ಬಿಗಳನ್ನು ಎತ್ತಿ ಎತ್ತಿ ಮೇಲಿಡುತ್ತಿದ್ದಳು.

“ಕರೆಂಟಿನ ಮೇನ್ ಬಂದ್ ಮಾಡೀ ಏನು?” ಎಂದಳು ಅಕ್ಕ.

“ಮಾಡೇನ್ರಿ.”

“ಖಾಲಿ ಚೀಲ ಎಲ್ಲಿ ಅದಾವು?”

ರೇಣವ್ವ ಗಿರಣಿಯ ಹಿಂದೆ ಕೈ ತೋರಿಸಿದಳು. ಅಕ್ಕ ಗೋಣಿಚೀಲ ಮಡಿಸಿ ಹೊಸ್ತಿಲಿಗೆ ಒತ್ತಿದಳು, ಮೊಣಕಾಲೂರಿ ಮೋಟರಿನ ಬುಡಕ್ಕೆ ಇನ್ನೊಂದು ಸುತ್ತಿದಳು, ಮೂಲೆಯ ಜೋಳದ ಮೂಟೆಯನ್ನು ರೇಣವ್ವನ ಜೊತೆ ಹಿಡಿದು ಮಂಚಕ್ಕೇರಿಸಿದಳು. ಮೊದಲು ಯಾವುದು, ಆಮೇಲೆ ಯಾವುದು ಎಂದು ಇಬ್ಬರಲ್ಲಿ ಯಾರೂ ಕೇಳಲಿಲ್ಲ. ನಾನು ಮಾತ್ರ ಒಂದು ಮೊರ ಹಿಡಿದು ಅಡ್ಡಡ್ಡ ನಿಂತಿದ್ದೆ. ಮಳೆ ಸಣ್ಣದಾದ ಮೇಲೆ ರೇಣವ್ವ ಉಸಿರು ಬಿಟ್ಟು, “ನಿಮ್ಮನಿಗೂ ಬರತೈತೇನ್ರಿ ಯಕ್ಕಾ?” ಎಂದಳು.

“ಬರತೈತಿ,” ಎಂದಳು ನೀಲಕ್ಕ. ಗೋಡೆಯ ಬುಡದ ಹಳೆಯ ನೀರಿನ ಕಲೆಯನ್ನು ನೋಡುತ್ತಿದ್ದಳು. ಅದರ ಮೇಲೆ ಆಗಲೇ ನಮ್ಮ ಗರಸಿನ ಕೆಂಪು ಹತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಹನುಮಂತಪ್ಪನಿಗೆ ಅಂಗಳದ ಗರಸನ್ನು ತೆಗೆಯಲು ಹೇಳಿದಳು. ಮನೆಯ ಎತ್ತರ ಹಾಗೇ ಇರಲಿ, ಅಂಗಳ ಮೊದಲಿನ ಮಟ್ಟಕ್ಕೆ ಇಳಿಯಲಿ, ಪೂರ್ವದ ಗಡಿಗುಂಟ ನಮ್ಮ ಜಾಗದಲ್ಲೇ ಒಂದು ಕಾಲುವೆ ಬರಲಿ. ಹನುಮಂತಪ್ಪ ತಲೆಯಾಡಿಸಿದ. ನಮ್ಮ ಮನೆಯವರು ಆಡಿಸಲಿಲ್ಲ.

“ಅಲ್ಲಿ ಕಾರು ನಿಲ್ಲೂದೈತಿ ಅಕ್ಕಾರ. ನಮ್ಮ ಜಾಗಾ ನಾವ್ಯಾಕ ಬಿಡಬೇಕು?”

“ನೀರು ನಿಮ್ದು. ಅದು ಹರಿಯೂ ಜಾಗಾನೂ ನಿಮ್ದ ಆಗಬೇಕಲ್ರಿ?”

ಅವರು ಸಿಟ್ಟಿನಿಂದ ಸ್ಕೂಟರು ಹತ್ತಿ ಹೋದರು. ನನಗೆ ಅತ್ತ ಗಂಡ, ಇತ್ತ ಅಕ್ಕ. ನನ್ನ ಮಲ್ಲಿಗೆ ಬಳ್ಳಿಯ ಜಾಗವೂ ಅದೇ ಪಟ್ಟಿಯಲ್ಲಿ ಹೋಗುತ್ತದೆಂಬುದನ್ನು ಹೇಳಲು ನಾಚಿಕೆಯಾಯಿತು.

ಆದರೆ ಕಾಲುವೆಯ ನೀರನ್ನು ಕೊನೆಗೆ ಎಲ್ಲಿ ಬಿಡುವುದು? ಮಟ್ಟ ನೋಡಲು ಗೌಂಡಿಗಳು ನೀರು ತುಂಬಿದ ಪಾರದರ್ಶಕ ಪೈಪು ಹಿಡಿಯುತ್ತಾರೆ. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಂದು ಒಂದು ತುದಿಯನ್ನು ನೀಲಕ್ಕ, ಇನ್ನೊಂದನ್ನು ರೇಣವ್ವ ಹಿಡಿದರು. ರಸ್ತೆಯ ಗಟಾರ ಆಗಲೇ ನಮ್ಮ ಅಂಗಳಕ್ಕಿಂತ ಮೇಲಿತ್ತು. ತಗ್ಗಿದ್ದುದು ಹಿಂದಿನ ಹಳ್ಳವೊಂದೇ. ಹಳ್ಳಕ್ಕೆ ಹೋಗಬೇಕೆಂದರೆ ರೇಣವ್ವನ ಹಿತ್ತಲನ್ನೇ ದಾಟಬೇಕು.

ಅಕ್ಕ ಪೈಪಿನಲ್ಲಿ ನಿಂತ ನೀರಿನ ಗೆರೆಯನ್ನೇ ಮತ್ತೆ ನೋಡಿದಳು. ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಎತ್ತರದಿಂದ ಮಾತಾಡಿ ಇನ್ನೂ ವಾರವಾಗಿರಲಿಲ್ಲ. ರೇಣವ್ವ ಹಿತ್ತಲ ಕಡೆ ನೋಡಿದಳು. ಅಲ್ಲಿ ಅವಳ ಮೆಣಸಿನ ಗಿಡ, ಬಟ್ಟೆ ಒಗೆಯುವ ಕಲ್ಲು.

“ಕಲ್ಲು ಆಕಡಿ ಸರಸೂಣ್ರಿ,” ಎಂದಳು. “ಮ್ಯಾಲ ಪರಸಿಗಲ್ಲು ಮುಚ್ಚಿ ಕೊಡ್ರಿ, ನಡದಾಡಾಕ ಬೇಕು.”

ಹಾಗೆ ಆಯಿತು. ನಮ್ಮ ಮನೆಯವರು ಕೆಲವು ದಿನ ಮುಖ ಊದಿಸಿಕೊಂಡಿದ್ದರು. ನಂತರ ಹಿತ್ತಲಿನಲ್ಲಿ ಪರಸಿಗಲ್ಲು ಹಾಕುವಾಗ ಅವರೇ ನಿಂತು ಇಳಿಜಾರು ಸರಿಯಿಲ್ಲವೆಂದು ಎರಡು ಸಲ ಕೀಳಿಸಿ ಹಾಕಿಸಿದರು. ನಮ್ಮ ಕಾರು ಈಗಲೂ ಬೀದಿಯಲ್ಲೇ ನಿಲ್ಲುತ್ತದೆ, ಮೇಲೆ ಹಕ್ಕಿಗಳು ತಮ್ಮ ಅಭಿಪ್ರಾಯ ಬರೆಯುತ್ತವೆ. ಮಳೆಗಾಲದ ಮುಂದೆ ನಾನೊಂದು ಕಡೆಯಿಂದ, ರೇಣವ್ವ ಇನ್ನೊಂದು ಕಡೆಯಿಂದ ಕಾಲುವೆಯ ಕಸ ತೆಗೆಯುತ್ತೇವೆ. ನಡುವೆ ಎಲ್ಲೋ ಭೇಟಿಯಾಗಿ ಊರ ಸುದ್ದಿಯೆಲ್ಲ ಮುಗಿಸುತ್ತೇವೆ.

ಅತ್ತ ನೀಲಕ್ಕ ಕಾರಟಗಿಗೆ ಹೋಗಿ ತನ್ನ ಮನೆಯೊಳಗೇ ಗರಸು ತುಂಬಿಸಿದಳು. ಮನೆಯನ್ನು ಎತ್ತಲು ಬರುವುದಿಲ್ಲ, ನೆಲವನ್ನಾದರೂ ಎತ್ತುತ್ತೇನೆ ಎಂದಳಂತೆ. “ಮಾಳಿಗಿ ತಲಿಗೆ ಬಡೀತೈತಿ” ಎಂದು ಮಾವ ಬೇಡಿಕೊಂಡರು. ಕೇಳಲಿಲ್ಲ. ನೆಲ ಏರಿತು, ಬಾಗಿಲು ಗಿಡ್ಡವಾಯಿತು, ಪಡಸಾಲೆಯ ಫ್ಯಾನು ಬಿಚ್ಚಿ ಗೋಡೆಗೆ ಹಾಕಬೇಕಾಯಿತು. ಎತ್ತರದ ಆಳಾದ ಮಾವ ತಮ್ಮ ಮನೆಯಲ್ಲಿ ತಾವೇ ಕೈಮುಗಿಯುವವರಂತೆ ಬಗ್ಗಿ ಓಡಾಡುತ್ತಾರೆ.

ಕಳೆದ ವಾರ ಹೇಮಗುಡ್ಡದ ಅಮ್ಮನ ದರ್ಶನ ಮುಗಿಸಿ, ಹಾಗೇ ಅಕ್ಕನ ಮನೆಗೂ ಹೋದೆ. ಎಷ್ಟು ಎಚ್ಚರವಿದ್ದರೂ ಬಾಗಿಲ ತೊಲೆಗೆ ಹಣೆ ಬಡಿಯಿತು. “ಹೊಸಬರ ಎಲ್ಲಾರೂ ಹಿಂಗ,” ಎಂದರು ಮಾವ ತೃಪ್ತಿಯಿಂದ. ಅಕ್ಕ ನೆಲದ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು, ನಾನು ಅವಳ ಎದುರಿಗೆ ಕೂತೆ. ರೇಣವ್ವನ ಸುದ್ದಿ ಹೇಳುತ್ತಿದ್ದಂತೆ ಮೋಡ ಕವಿದು ಮಳೆ ಹಿಡಿಯಿತು, ಒಳ್ಳೆಯ ಜೋರು ಮಳೆ. ಬೀದಿಯ ನೀರು ಹೊಟ್ಟು ಹೊತ್ತುಕೊಂಡು ಬಂತು, ಹೊಸ್ತಿಲಿನ ಹೊರಗೆ ಸ್ವಲ್ಪ ಹೊತ್ತು ಸುಳಿದು, ಒಳಗೆ ಬರದೆ ಮುಂದೆ ಹೋಯಿತು.

ನಾನು ಮಾತು ನಿಲ್ಲಿಸಿ ಬಾಗಿಲನ್ನೇ ನೋಡುತ್ತಿದ್ದೆ. ನನಗೆ ತಿಳಿದಂತೆ ಮಳೆಯ ಸದ್ದು ಕೇಳಿದೊಡನೆ ನೀಲಕ್ಕ ಬಾಗಿಲ ಕಡೆ ತಿರುಗದಿದ್ದ ದಿನವೇ ಇರಲಿಲ್ಲ. ಕೈಯಲ್ಲಿ ರೊಟ್ಟಿಯಿರಲಿ, ಮೊಮ್ಮಗಳಿರಲಿ, ಕುತ್ತಿಗೆ ಮೊದಲು ಅತ್ತ ತಿರುಗುತ್ತಿತ್ತು. ಅಂದು ತಿರುಗಲಿಲ್ಲ. ಮೊರದಲ್ಲಿ ಒಂದು ಕಲ್ಲು ಸಿಕ್ಕಿತ್ತು, ಅದನ್ನು ಬೆರಳಿನಿಂದ ಆಚೆ ಸರಿಸಿ, “ಆಮ್ಯಾಲ? ರೇಣವ್ವ ಏನಂದ್ಲು, ಹೇಳು,” ಎಂದಳು.